ಚಹಾ ಸೋಸುವ ಚೀಲದಲ್ಲಿ ನರ್ತೆ

ಸ್ವರ್ಣಲತಾಳ ತಲೆಯಿಂದ ಇಳಿಯಲೊಲ್ಲದ ಚಿಂತೆ ಆ ಸಲ ಒಂದು ಹುಳದ್ದಾಗಿತ್ತು. ಹುಳ ಬಂದಿದೆಯೆಂದು ಹೆದರುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಹುಳ ಕಾಣುತ್ತಿಲ್ಲವೆಂದು ಊಟ ಬಿಟ್ಟವಳು ಅವಳೊಬ್ಬಳೇ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸುಗಳು ಪುಂಜಾಲಕಟ್ಟೆಯಲ್ಲಿ ನಿಂತು ಉಸಿರು ಬಿಡುವ ಜಾಗದಲ್ಲೇ ಅವಳ ಗಂಡ ಭೋಜ ನಡೆಸುವ ಹೋಟೆಲು. ಹೋಟೆಲಿನ ಬೆನ್ನಿಗೆ ಮನೆ, ಮನೆಯ ಹಿತ್ತಲಲ್ಲಿ ಬಾವಿ, ಬಾವಿ ದಾಟಿ ಸ್ವಲ್ಪ ಇಳಿದರೆ ತೋಡು. ಮಳೆಗಾಲದಲ್ಲಿ ಹೊಳೆಯ ಹಾಗೆ ಆರ್ಭಟಿಸಿ, ಚಳಿ ಮುಗಿಯುವ ಹೊತ್ತಿಗೆ ಬೆರಳಿನಷ್ಟು ದಪ್ಪಕ್ಕೆ ಸೊರಗುವ ನೀರು ಅದು. ಅರವತ್ತೊಂದನೆಯ ಇಸವಿಯಲ್ಲಿ ಅವಳು ಮದುವೆಯಾಗಿ ಬಂದಾಗ ಆ ತೋಡಿನ ಮುರಕಲ್ಲುಗಳ ಮೇಲೆ ನರ್ತೆಗಳು, ಎಂದರೆ ಕಪ್ಪು ಚಿಪ್ಪಿನ ನೀರಿನ ಬಸವನಹುಳುಗಳು, ಸಂತೆಗೆ ಬಂದವರ ಹಾಗೆ ಒತ್ತೊತ್ತಾಗಿ ಕೂತಿರುತ್ತಿದ್ದವು. ಗಂಡನ ಮುಖ ನೋಡಲು ನಾಚಿಕೆಯಾದಾಗ ಹೊಸ ಸೊಸೆ ತೋಡಿಗಿಳಿದು ನರ್ತೆಯ ಮುಖ ನೋಡಿ ಕೂರುತ್ತಿದ್ದಳು. ಈಗ ಅರವತ್ತನಾಲ್ಕು. ಮಗ ಅಣ್ಣು ನಡೆಯಲು ಕಲಿತು, ಬೀಳಲು ಕಲಿತು, ಕಂಡದ್ದನ್ನೆಲ್ಲ ಬಾಯಿಗೆ ಹಾಕಲು ಕಲಿತಿದ್ದ. ಹಿತ್ತಲಿನ ತೋಡಿನಲ್ಲಿ ಹೆಸರಿಗೊಂದು ನರ್ತೆ ಇರಲಿಲ್ಲ.

"ಕಾಗೆ ತಿಂದಿರಬಹುದು" ಎಂದ ಭೋಜ.

"ಎಲ್ಲವನ್ನೂ?"

"ಹಸಿದ ಕಾಗೆ."

ಸ್ವರ್ಣಲತಾಳಿಗೆ ನಗು ಬರಲಿಲ್ಲ. ತೋಡಿನಲ್ಲಿ ಬದುಕಲಾಗದ್ದು ಏನೋ ಇದೆ. ತೋಡಿನ ಪಕ್ಕದಲ್ಲಿ ಬಾವಿ ಇದೆ. ಬಾವಿಯ ನೀರು ಅಣ್ಣುವಿನ ಬೆಳ್ಳಿ ಲೋಟದಲ್ಲಿದೆ. ತೋಡಿನಿಂದ ಲೋಟದ ತನಕ ಅವಳ ಮನಸ್ಸು ಹಗಲಿಗೆ ಎಷ್ಟು ಸಲ ಓಡಿ ಬರುತ್ತಿತ್ತೋ, ಅಷ್ಟು ಸಲ ಬೆಳ್ತಂಗಡಿ ಬಸ್ಸು ಕೂಡ ಓಡುತ್ತಿರಲಿಲ್ಲ.

ಅವಳು ಮಂಗಳೂರಿನ ಬಂದರಿನಲ್ಲಿ ಮಂಡಿ ಇಟ್ಟಿದ್ದ ಸಂಕಪ್ಪ ಶೆಟ್ಟರ ಮಗಳು. ಶೆಟ್ಟರದ್ದು ಮೈಲುತುತ್ತಿನ ವ್ಯಾಪಾರ. ನವಿಲಿನ ಕೊರಳಿನ ಬಣ್ಣದ ಆ ಹರಳನ್ನು ಸುಣ್ಣದ ನೀರಿಗೆ ಬೆರೆಸಿ, ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗಳಿಗೆ ಬಿಡುತ್ತಾರೆ. ತುತ್ತು ಮಾರಿ ಬಂದ ಹಣದಲ್ಲಿ ಶೆಟ್ಟರು ಮಗಳನ್ನು ಮದ್ರಾಸಿಗೆ ಕಳುಹಿಸಿ ಪ್ರಾಣಿಶಾಸ್ತ್ರ ಓದಿಸಿದ್ದರು. ಆ ಓದಿನಿಂದ ಅವಳಿಗಾದ ಲಾಭ ಇಷ್ಟೇ: ಬೇರೆ ತಾಯಂದಿರು ಹೆಸರು ಗೊತ್ತಿಲ್ಲದೆ ಹೆದರುವ ಸಂಗತಿಗಳಿಗೆಲ್ಲ ಅವಳು ಹೆಸರು ಹಿಡಿದು ಹೆದರಬಲ್ಲವಳಾಗಿದ್ದಳು.

ಅಣ್ಣು ಹುಟ್ಟಿದ ತಿಂಗಳಲ್ಲೇ ಅವಳು ಮನೆಗೊಂದು ಕಾನೂನು ತಂದಿದ್ದಳು. ಹೊರಗಿನಿಂದ ಬಂದ ಯಾವ ವಸ್ತುವೂ ತೊಳೆಯದೆ ಮಗುವಿನ ಹತ್ತಿರ ಬರಬಾರದು. ತೊಳೆಯುವುದೂ ಬಾವಿಕಟ್ಟೆಯಲ್ಲಿ ಅಲ್ಲ, ಕೊಳೆ ಬಾವಿಗೆ ಇಳಿಯುತ್ತದೆ. ತೋಡಿನ ಕಲ್ಲಿನ ಮೇಲೆ. ಅತ್ತೆ ದುಗ್ಗಮ್ಮ ಶೆಡ್ತಿಗೆ ಮೊದಮೊದಲು ಇದು ತಮಾಷೆಯಾಗಿ ಕಂಡಿತು. ನೆಂಟರ ಕೊಡೆ ತೊಳೆದರು, ತೆಂಗಿನಕಾಯಿ ತೊಳೆದರು, ಒಮ್ಮೆ ಸೊಸೆಗೆ ಬುದ್ಧಿ ಬರಲಿ ಎಂದು ಅಂಚೆಯವನು ತಂದ ಕಾಗದವನ್ನೂ ಅದ್ದಿ ತಂದು ಹಗ್ಗದ ಮೇಲೆ ಒಣಗಿಸಿದರು. ಸೊಸೆಗೆ ಬುದ್ಧಿ ಬರಲಿಲ್ಲ. ತೊಳೆಯುವುದು ದುಗ್ಗಮ್ಮನಿಗೆ ಮಾತ್ರ ರೂಢಿಯಾಗಿಬಿಟ್ಟಿತು.

ಅದರ ಮೇಲೆ ಫೋನು. ಹಿಂದಿನ ವರ್ಷ ಭೋಜನ ಹೋಟೆಲಿಗೆ ಫೋನು ಬಂದದ್ದು, ಅದನ್ನು ನೋಡುವುದಕ್ಕೆಂದೇ ಜನ ಚಹಾ ಕುಡಿಯಲು ಬರುತ್ತಿದ್ದದ್ದು ನಿಜ. ಆದರೆ ಅದನ್ನು ಹೆಚ್ಚು ದುಡಿಸಿದವಳು ಸ್ವರ್ಣಲತಾ. ಅಣ್ಣು ಅಂಗಿಯ ಗುಂಡಿ ನುಂಗಿದನೆಂದು ಬಂಟ್ವಾಳದ ಡಾಕ್ಟರಿಗೆ ಒಂದು ಕಾಲ್. ಗುಂಡಿ ಆಮೇಲೆ ದುಗ್ಗಮ್ಮನ ಎಲೆಯಡಿಕೆ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಣ್ಣುವಿನ ನಾಲಗೆ ಕಪ್ಪಾಯಿತೆಂದು ಇನ್ನೊಂದು. ಅದು ನೇರಳೆ ಹಣ್ಣು. ಮಗು ಕಣ್ಣು ಅರ್ಧ ತೆರೆದು ನಿದ್ದೆ ಮಾಡುತ್ತದೆಂದು ಮತ್ತೊಂದು. ಆ ಸಲ ಡಾಕ್ಟರರು ಅವನ ಅಪ್ಪನೂ ಹಾಗೇ ಮಲಗುತ್ತಾನಾ ನೋಡಿ ಹೇಳಿ ಎಂದರು. ನೋಡಿದಳು. ಹಾಗೇ ಮಲಗಿದ್ದ. ಕೊನೆಕೊನೆಗೆ ಬಂಟ್ವಾಳದ ಎಕ್ಸ್‌ಚೇಂಜಿನವನೇ ಅವಳ ದನಿ ಕೇಳಿದ ಕೂಡಲೆ "ಇವತ್ತು ಎಂತ ನುಂಗಿದ್ದು ಅಮ್ಮ?" ಎಂದು ವಿಚಾರಿಸತೊಡಗಿದ.

ಭೋಜ ಸಿಟ್ಟಿನ ಮನುಷ್ಯನಲ್ಲ. ಒಂದು ದಿನ ಫೋನಿಗೆ ತನ್ನ ತಾಯಿಯ ಹಳೆಯ ರವಕೆಯ ಬಟ್ಟೆ ಹೊದಿಸಿ, "ನೋಡು ಸ್ವರ್ಣ," ಎಂದ, "ಇನ್ನು ಇದನ್ನು ಎತ್ತಬೇಕಾದರೆ ನಾಲ್ಕು ಜನಕ್ಕೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಕೈಯಲ್ಲಿ ಹಿಡಿದು ಬಾ. ಹೆದರಿಕೆಯನ್ನು ಮಾತ್ರ ಹಿಡಿದು ಬರಬೇಡ."

ಇಲ್ಲದ ನರ್ತೆಯನ್ನು ಕೈಯಲ್ಲಿ ಹಿಡಿದು ತೋರಿಸುವುದು ಹೇಗೆ?

ಆಗ ಅವಳಿಗೆ ಮದ್ರಾಸಿನ ಟೀಚರಮ್ಮ ನೆನಪಾದರು. ದಪ್ಪ ಕನ್ನಡಕ ಹಾಕಿ ಕೂವಂ ನದಿಯ ದಡದಲ್ಲಿ ಸೀರೆ ಎತ್ತಿ ಕಟ್ಟಿ ಇಳಿಯುತ್ತಿದ್ದ ಹೆಂಗಸು. ನೀರನ್ನು ಕೇಳಿದರೆ ಅದು ಈ ಗಳಿಗೆಯ ಸುದ್ದಿ ಹೇಳಿ ಹರಿದುಹೋಗುತ್ತದೆ, ಅಡಿಯ ಕೆಸರನ್ನು ಕೇಳಿ, ಅದರಲ್ಲಿ ಹರಿದಾಡುವ ಪ್ರಾಣಿಯನ್ನು ಕೇಳಿ, ಅವು ವರ್ಷದ ಸುದ್ದಿ ಇಟ್ಟುಕೊಂಡಿರುತ್ತವೆ ಎಂದು ಅವರು ಹೇಳುತ್ತಿದ್ದರು. ಅದರಲ್ಲೂ ತಾಮ್ರ ಸೇರಿದ ನೀರಿನಲ್ಲಿ ಮೊದಲು ಸಾಯುವುದು ಬಸವನಹುಳು ಎಂದಿದ್ದರು. ತುತ್ತೆಂದರೆ ತಾಮ್ರವೇ. ತೋಡಿನ ಮೇಲ್ಗಡೆ ಪದ್ಮಯ್ಯನ ತೋಟ ಉಂಟು. ಪದ್ಮಯ್ಯ ವರ್ಷವರ್ಷ ತುತ್ತಿನ ಮದ್ದು ಬಿಡುತ್ತಾನೆ. ಸ್ವರ್ಣಲತಾ ತನ್ನ ಮನಸ್ಸಿನಲ್ಲೇ ಪದ್ಮಯ್ಯನನ್ನು ಹಿಡಿದು, ವಿಚಾರಿಸಿ, ಶಿಕ್ಷೆಯನ್ನೂ ಕೊಟ್ಟು ಮುಗಿಸಿದಳು. ಸಾಕ್ಷಿ ಒಂದು ಬಾಕಿ ಇತ್ತು.

ಸಾಕ್ಷಿ ತರುವ ಕೆಲಸ ಮೀನಿನ ಅಬೂಬಕ್ಕರನ ಪಾಲಿಗೆ ಬಂತು. ಅವನು ಬಂಟ್ವಾಳದಿಂದ ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿಕೊಂಡು ಬರುವವ. ತಂಗಿಯನ್ನು ಮೂಡಬಿದಿರೆಗೆ ಕೊಟ್ಟಿದ್ದ.

"ಅಬೂಬಕ್ಕರ್, ಈ ಸಲ ತಂಗಿ ಮನೆಗೆ ಹೋದರೆ ಅಲ್ಲಿಯ ಕೆರೆಯಿಂದ ನರ್ತೆ ತಂದುಕೊಡ್ತೀರಾ? ಜೀವ ಇರುವಂಥದ್ದು."

"ಬೂತಾಯಿ ಮೀನು ಬೇಡವಾ ಅಕ್ಕ? ಒಳ್ಳೆ ಬೂತಾಯಿ ಉಂಟು."

"ತಿನ್ನುವುದಕ್ಕೆ ಅಲ್ಲ."

ಅಬೂಬಕ್ಕರ್ ತೆರೆದ ಬುಟ್ಟಿಯನ್ನು ಮತ್ತೆ ಮುಚ್ಚಿದ. "ಸಾಕುವುದಕ್ಕಾ?"

"ಹಾಗೇ ತಿಳಿದುಕೊಳ್ಳಿ."

ಮೂಡಬಿದಿರೆಯಲ್ಲಿ ಕೆರೆಗೆ ಬಡತನವಿಲ್ಲ. ಆದರೆ ಇರುವೆ ಸತ್ತರೂ ನೊಂದುಕೊಳ್ಳುವ ಜೈನರ ಪೇಟೆಯಲ್ಲಿ ಕೆರೆಯ ಮೆಟ್ಟಿಲಲ್ಲಿ ಕೂತು ನರ್ತೆ ಹೆಕ್ಕುವುದು ಸುಲಭದ ಕೆಲಸವಾಗಿರಲಿಲ್ಲ. ಒಬ್ಬ ಮುದುಕರು ಬಂದು ಏನಯ್ಯಾ ಮಾಡುತ್ತೀ ಎಂದು ಗದರಿದರಂತೆ. ಸಾಯಿಸುವುದಕ್ಕಲ್ಲ ಸ್ವಾಮಿ, ಪುಂಜಾಲಕಟ್ಟೆಯ ಒಬ್ಬ ಅಮ್ಮ ಸಾಕುತ್ತಾರೆ ಎಂದು ಅಬೂಬಕ್ಕರ್ ಹೇಳಿದಾಗ ಆ ಮುದುಕರು ಕಣ್ಣು ಒರೆಸಿಕೊಂಡು, ತಾವೂ ಬಗ್ಗಿ ನಾಲ್ಕು ಹೆಕ್ಕಿಕೊಟ್ಟರಂತೆ. "ನಿಮಗೆ ನಮಸ್ಕಾರ ಹೇಳಿದ್ದಾರೆ ಅಕ್ಕ," ಎಂದು ಅಬೂಬಕ್ಕರ್ ಬುಟ್ಟಿ ಇಳಿಸಿದ.

ನರ್ತೆಯೇನೋ ಬಂತು. ಅವನ್ನು ತೋಡಿನಲ್ಲಿ ಓಡಿಹೋಗದ ಹಾಗೆ, ಆದರೆ ನೀರೂ ಕೆಸರೂ ತಾಗುವ ಹಾಗೆ ಇಡಬೇಕಲ್ಲ. ಹೋಟೆಲಿನ ಚಹಾ ಸೋಸುವ ಬಟ್ಟೆಯ ಚೀಲಗಳಿಗಿಂತ ಒಳ್ಳೆಯ ಮನೆ ನರ್ತೆಗೆ ಎಲ್ಲಿ ಸಿಗಬೇಕು? ಬಾಯಿಗೆ ತಂತಿಯ ಬಳೆ, ಹಿಡಿಯಲು ಹಿಡಿಕೆ, ಹೊಟ್ಟೆ ತುಂಬ ಜಾಗ. ಒಂದು ಚೀಲವನ್ನು ಪದ್ಮಯ್ಯನ ತೋಟಕ್ಕಿಂತ ಮೇಲೆ ಕೆಸರಿಗೆ ತಾಗಿಸಿ ಕಟ್ಟಿದಳು. ಒಂದನ್ನು ಅವನ ತೋಟದ ಕೆಳಗೆ. ಇನ್ನೊಂದನ್ನು ತಮ್ಮದೇ ಒಗೆಯುವ ಕಲ್ಲಿನ ಪಕ್ಕದಲ್ಲಿ. ಉಳಿದ ನರ್ತೆಗಳನ್ನು ಬಾವಿಯ ನೀರು ತುಂಬಿದ ಮಣ್ಣಿನ ಪಾತ್ರೆಗೆ ಹಾಕಿ ಅಡಿಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟಳು. ಬಾವಿಯ ಗುಟ್ಟನ್ನು ಹೇಳಬೇಕಾದವು ಅವು. ದಿನಾ ಬೆಳಿಗ್ಗೆ ಅಣ್ಣುವಿನ ಹಣೆ ಮುಟ್ಟಿ ನೋಡಿದ ಮೇಲೆ ಅವಳು ಹೋಗಿ ಆ ಪಾತ್ರೆಯ ಮುಚ್ಚಳ ಎತ್ತುತ್ತಿದ್ದಳು.

ಹೋಟೆಲಿನಲ್ಲಿ ಚಹಾ ಕೆಡತೊಡಗಿತು. ಉಳಿದ ಒಂದೇ ಚೀಲ ಹರಿದು, ಸೊಪ್ಪು ಲೋಟದಲ್ಲಿ ತೇಲತೊಡಗಿತು.

"ಭೋಜಣ್ಣ, ನಿಮ್ಮ ಚಹಾ ಈಗ ಜಗಿಯಲಿಕ್ಕೂ ಆಗ್ತದೆ," ಎಂದ ಅಬೂಬಕ್ಕರ್.

"ಚೀಲ ಯಾರೋ ಕದ್ದಿದ್ದಾರೆ ಮಾರಾಯ. ಲೋಟ ಬಿಟ್ಟು, ಚಮಚ ಬಿಟ್ಟು, ಚಹಾ ಚೀಲ ಕದಿಯುವ ಕಳ್ಳ. ಅವನ ಮನೆಯಲ್ಲಿ ಎಂಥ ಬಡತನವೋ."

ಅಬೂಬಕ್ಕರನಿಗೆ ವಿಷಯ ಗೊತ್ತಿತ್ತು. ಅವನು ಉಳಿದ ಚಹಾವನ್ನೂ ಜಗಿದು ಮುಗಿಸಿದ.

ಒಂದು ಮಧ್ಯಾಹ್ನ, ಬೆಂಚುಗಳೆಲ್ಲ ತುಂಬಿದ್ದ ಹೊತ್ತಿಗೆ, ಪದ್ಮಯ್ಯ ಹೋಟೆಲಿಗೆ ನುಗ್ಗಿದ. ಉದ್ದದ ಒಂದು ಕೋಲನ್ನು ಮೈಯಿಂದ ಆದಷ್ಟು ದೂರ ಹಿಡಿದಿದ್ದ. ಕೋಲಿನ ತುದಿಯಲ್ಲಿ ಕೆಸರು ಸುರಿಯುವ ಬಟ್ಟೆಯದೊಂದು ಗಂಟು.

"ಭೋಜಣ್ಣ, ನನ್ನ ತೋಟಕ್ಕೆ ಯಾರೋ ಮಾಟ ಮಾಡಿಸಿದ್ದಾರೆ. ತೋಟದ ಕೆಳಗೆ ತೋಡಿನಲ್ಲಿ ಹೂತಿದ್ದರು. ಒಳಗೆ ಎಂತದೋ ಅಲ್ಲಾಡ್ತದೆ."

ಕೂತವರೆಲ್ಲ ಕಾಲು ಮೇಲೆ ಎಳೆದುಕೊಂಡರು. ಭೋಜ ಮಾತ್ರ ಹತ್ತಿರ ಬಂದು, ಬಗ್ಗಿ, ಗಂಟಿನ ತಂತಿಯ ಬಳೆಯನ್ನು ನೋಡಿದ. ಹಿಡಿಕೆಯನ್ನು ನೋಡಿದ. ತಾನೇ ಹಾಕಿದ್ದ ಕೆಂಪು ನೂಲಿನ ಹೊಲಿಗೆಯನ್ನೂ ನೋಡಿದ.

"ಪದ್ಮಯ್ಯ, ಈ ಮಾಟ ನನ್ನದು," ಎಂದ.

ಒಳಗಿನ ಬಾಗಿಲಿನ ಹಿಂದಿನಿಂದ ಸ್ವರ್ಣಲತಾ ಅಣ್ಣುವನ್ನು ಸೊಂಟದಲ್ಲಿ ಕೂರಿಸಿಕೊಂಡು ಹೊರಗೆ ಬಂದಳು. ಅಡಗಿ ಪ್ರಯೋಜನವಿರಲಿಲ್ಲ. ಅಷ್ಟೂ ಜನರ ಮುಂದೆ, ಮೊದಲು ತೊದಲಿ, ಆಮೇಲೆ ಮದ್ರಾಸಿನ ಟೀಚರಮ್ಮನ ಗತ್ತಿನಲ್ಲಿ, ನರ್ತೆ ಯಾಕೆ, ತಾಮ್ರ ಯಾಕೆ, ಪದ್ಮಯ್ಯನ ತೋಟದ ಮೇಲೊಂದು ಕೆಳಗೊಂದು ಯಾಕೆ ಎಂದು ಹೇಳಿ ಮುಗಿಸಿದಳು. ಹೇಳಿ ಮುಗಿಸಿದ ಮೇಲೆ ಪದ್ಮಯ್ಯನ ಮುಖ ನೋಡಿ ಹೆದರಿಕೆಯಾಯಿತು.

"ಓಹೋ," ಎಂದ ಪದ್ಮಯ್ಯ. "ಹಾಗಾದರೆ ನಾನು ನಿಮ್ಮ ಹುಳ ಕೊಂದವ."

"ಹಾಗಲ್ಲ ಪದ್ಮಯ್ಯ. ನೀವು ಮದ್ದು ಬಿಡುವಾಗ ತುತ್ತು ತೋಡಿಗೆ ಇಳಿದು, ಕೆಸರಿನಲ್ಲಿ ಕೂತಿದ್ದರೆ..."

"ಮದ್ದು ಬಿಡುವುದು ಆಟಿಯಲ್ಲಿ ಅಕ್ಕ, ತೋಡು ತುಂಬಿ ಹರಿಯುವಾಗ. ಸುಣ್ಣ ಸರಿಯಾಗಿ ಹಾಕಿ, ಕತ್ತಿ ಅದ್ದಿ ನೋಡಿಯೇ ಬಿಡುವುದು. ಈಗ ನೋಡಿ, ನಿಮ್ಮ ಹುಳವನ್ನೇ ಕೇಳಿ."

ಎಲ್ಲರೂ ನೋಡಿದರು. ಚೀಲದ ಬಾಯಿಂದ ಹೊರಬಿದ್ದ ಒಂದು ನರ್ತೆ, ಎರಡು ಕೊಂಬು ಚಾಚಿ, ಯಾರ ಅವಸರವೂ ತನಗೆ ತಾಗದೆಂಬಂತೆ ಕೋಲಿನ ಮೇಲೆ ಪದ್ಮಯ್ಯನ ಕೈಯ ಕಡೆಗೆ ನಡೆದು ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ಬಿಡುಗಡೆಯಾದ ಕೈದಿಗಳು ವಕೀಲರ ಕೈಕುಲುಕಲು ಬಂದ ಹಾಗೆ. ಪದ್ಮಯ್ಯ ಕೋಲು ಬಿಸಾಡಿ ಹಿಂದಕ್ಕೆ ಹಾರಿದ. ಹೋಟೆಲಿಗೆ ಹೋಟೆಲೇ ನಕ್ಕಿತು. ಅಣ್ಣು ಎಲ್ಲರಿಗಿಂತ ಜೋರಾಗಿ ನಕ್ಕು ಬಿಕ್ಕಳಿಕೆ ತರಿಸಿಕೊಂಡ.

ಸ್ವರ್ಣಲತಾ ನಗಲಿಲ್ಲ. ಪದ್ಮಯ್ಯನ ತೋಟದ ಕೆಳಗಿನವು ಬದುಕಿವೆ. ಹಾಗಾದರೆ ಮೇಲಿನವೂ ಬದುಕಿರುತ್ತವೆ. ಉಳಿದದ್ದು ತಮ್ಮದೇ ಕಲ್ಲು. ಅವಳು ಮಗುವನ್ನು ಭೋಜನ ತೋಳಿಗೆ ತುರುಕಿ ತೋಡಿಗೆ ಓಡಿದಳು. ಒಗೆಯುವ ಕಲ್ಲಿನ ಪಕ್ಕದ ಚೀಲ ಎತ್ತುವಾಗಲೇ ನಾತ ಹೊಡೆಯಿತು. ಒಂದೂ ಉಳಿದಿರಲಿಲ್ಲ. ಚಿಪ್ಪಿನ ಬಾಗಿಲುಗಳು ಕಳಚಿ, ಒಳಗಿನದು ಕರಗಿ ಹೋಗಿತ್ತು. ಕಲ್ಲಿನ ಬುಡದ ಕೆಸರಿನ ಮೇಲೆ ಹಸಿರು ಕೆನೆಯಂಥದ್ದೊಂದು ಕಟ್ಟಿತ್ತು. ಇಷ್ಟು ದಿನ ಅದನ್ನು ಅವಳು ಪಾಚಿ ಎಂದುಕೊಂಡಿದ್ದಳು.

ಇಷ್ಟಾದ ಮೇಲೆ ಉಳಿದ ಸಾಕ್ಷಿಗಳು ಬಾವಿಯ ನೀರಿನವು. ಅಡಿಗೆಮನೆಗೆ ಬಂದರೆ ಅವುಗಳ ಪಾತ್ರೆ ಮೂಲೆಯಲ್ಲಿಲ್ಲ, ಒಲೆಯ ಪಕ್ಕದಲ್ಲಿತ್ತು. ದುಗ್ಗಮ್ಮ ಕಡೆಯುವ ಕಲ್ಲಿನಿಂದ ಕೆಂಪು ಮಸಾಲೆ ಬಾಚಿ ತೆಗೆಯುತ್ತಿದ್ದರು.

"ಮಾಮಿ, ಎಂತ ಮಾಡ್ತಾ ಇದ್ದೀರಿ?"

"ನರ್ತೆ ತಂದಿಟ್ಟು ಎಷ್ಟು ದಿನ ಮುಚ್ಚಳ ಎತ್ತಿ ನೋಡುವುದು? ನಾಚಿಕೆಯಾಗುವುದಾದರೆ ಹೇಳಬಾರದಾ? ಬಸುರಿ ಆಸೆ ಅಂತ ನಾನೇ ಅರ್ಥ ಮಾಡಿಕೊಂಡೆ."

"ಬಸುರಿಯೂ ಇಲ್ಲ, ಆಸೆಯೂ ಇಲ್ಲ. ಅವು ಬದುಕಿದ್ದಾವಾ ಹೇಳಿ ಮಾಮಿ."

"ಬದುಕಿದ್ದಾವಾ ಅಂದರೆ? ತೊಳೆಯಲಿಕ್ಕೆ ಕೈ ಹಾಕಿದರೆ ಬೆರಳಿಗೇ ಕಚ್ಚಿಕೊಂಡು ಕೂರ್ತವೆ. ನೋಡು, ಈಗಲೂ ಒಂದು ಉಂಟು," ಎಂದು ದುಗ್ಗಮ್ಮ ಬೆರಳು ತೋರಿಸಿದರು. ಉಂಗುರದ ಹಾಗೆ ಒಂದು ನರ್ತೆ ಅಲ್ಲಿ ಕೂತಿತ್ತು.

ಸ್ವರ್ಣಲತಾ ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಾವಿ ಬದುಕಿದೆ. ಅಣ್ಣುವಿನ ಲೋಟ ಬದುಕಿದೆ. ಕಣ್ಣಲ್ಲಿ ನೀರು ಬಂತು, ಅದರಲ್ಲಿ ಅರ್ಧ ಮೆಣಸಿನ ಘಾಟಿನದು. ದುಗ್ಗಮ್ಮ ಏನೂ ಅರ್ಥವಾಗದೆ, ಬಸುರಿ ಅಲ್ಲವೆಂದರೂ ಇವಳು ಬಸುರಿಯೇ ಎಂದು ತೀರ್ಮಾನಿಸಿದರು.

ಆದರೆ ಇವತ್ತು ಬದುಕಿದ ಬಾವಿ ನಾಳೆಯೂ ಬದುಕಿರಬೇಕಲ್ಲ. ತಮ್ಮ ಕಲ್ಲಿಗೆ ತಾಮ್ರ ಬಂದದ್ದು ಎಲ್ಲಿಂದ? ಅವಳು ಅದನ್ನು ಯೋಚಿಸುತ್ತ ಜಗಲಿಯಲ್ಲಿ ಕೂತಿದ್ದಾಗ ಮಂಗಳೂರಿನ ಕಡೆಯಿಂದ ಬಸ್ಸು ಬಂತು. ಬಸ್ಸಿನ ಮಾಡಿನ ಮೇಲಿಂದ ಕಂಡಕ್ಟರು ಒಂದು ಕಟ್ಟನ್ನು ದಡಕ್ಕೆಂದು ಇಳಿಸಿದ. ಅವಳ ಅಪ್ಪ ಕಳುಹಿಸುವ ಖಾಲಿ ಗೋಣಿಚೀಲಗಳು. ಮದುವೆಯಾದ ವರ್ಷ, ಹೋಟೆಲಿನ ಬೆಂಚಿಗೆ ಹಾಸಲು ಗೋಣಿ ಸಿಕ್ಕಿದರೆ ಚೆನ್ನಾಗಿತ್ತೆಂದು ದುಗ್ಗಮ್ಮ ಒಂದು ಮಾತು ಹೇಳಿದ್ದರು. ಅಂದಿನಿಂದ ಸಂಕಪ್ಪ ಶೆಟ್ಟರು ಬಿಡದೆ ಕಳುಹಿಸುತ್ತಿದ್ದರು. ದುಗ್ಗಮ್ಮನಿಗೆ ಅದೊಂದು ದೊಡ್ಡ ಹೆಮ್ಮೆ. ಬೆಂಚಿಗೆ ಹಾಸಿ, ಕಾಲೊರೆಸಲು ಹಾಸಿ, ಸೌದೆಗೆ ಹೊದಿಸಿ, ಬಂದವರಿಗೆಲ್ಲ ಇದು ನಮ್ಮ ಬೀಗರು ಕಳಿಸಿದ್ದು ಎಂದು ಹೇಳದೆ ಬಿಡುತ್ತಿರಲಿಲ್ಲ.

ದುಗ್ಗಮ್ಮ ಕಟ್ಟನ್ನು ಒಳಗೆ ತರಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನೇರ ತೋಡಿಗೆ ಹೊತ್ತರು. ಸ್ವರ್ಣಲತಾಳ ಕಣ್ಣು ಅವರ ಹಿಂದೆಯೇ ಹೋಯಿತು. ಅತ್ತೆ ಗೋಣಿ ತೊಳೆಯುವುದನ್ನು ಅವಳು ಅದೆಷ್ಟು ಸಲ ನೋಡಿದ್ದಳೋ. ಬಟ್ಟೆ ಒಗೆಯುವುದನ್ನು, ಪಾತ್ರೆ ತಿಕ್ಕುವುದನ್ನು ನೋಡಿದ ಹಾಗೆ ನೋಡಿದ್ದಳು. ಆ ದಿನ ಮಾತ್ರ ನೀರನ್ನು ನೋಡಿದಳು. ದುಗ್ಗಮ್ಮ ಗೋಣಿಯನ್ನು ಅದ್ದಿ ಕಲ್ಲಿಗೆ ಬಡಿದಾಗ, ಹೊಲಿಗೆಯ ಸಂದಿಗಳಿಂದ, ಮೂಲೆಯ ಮಡಿಕೆಗಳಿಂದ, ನವಿಲಿನ ಕೊರಳಿನ ಬಣ್ಣ ಎಳೆಎಳೆಯಾಗಿ ಇಳಿದು ಹೋಯಿತು. ಅಪ್ಪನ ಗೋಣಿ. ಅಪ್ಪನ ತುತ್ತು.

"ಮಾಮಿ, ನಿಲ್ಲಿ. ಇದನ್ನು ಯಾಕೆ ತೊಳೆಯುವುದು?"

ದುಗ್ಗಮ್ಮ ಬಡಿಯುವುದು ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟರು. "ಯಾಕೆ ಅಂತ ನೀನು ಕೇಳುವುದಾ? ಮೊದಲೆಲ್ಲ ಕೊಡವಿ ಹಾಸುತ್ತಿದ್ದೆ. ಮಗು ಹುಟ್ಟಿದ ಮೇಲೆ ಹೊರಗಿನದ್ದು ತೊಳೆಯದೆ ತರಬಾರದು ಅಂದವಳು ಯಾರು?"

"ನಾನೇ, ಮಾಮಿ."

"ಬಾವಿಕಟ್ಟೆಯಲ್ಲಿ ಬೇಡ, ತೋಡಿನಲ್ಲಿ ಅಂದವಳು?"

"ನಾನೇ. ಆದರೆ ಇದರಲ್ಲಿ ತುತ್ತು ಉಂಟು. ನರ್ತೆ ಸತ್ತದ್ದು ಇದರಿಂದ."

"ನೀನು ತೊಳೆ ಅಂದೆ, ತೊಳೆದೆ. ತೋಡಿನಲ್ಲಿ ಅಂದೆ, ತೋಡಿನಲ್ಲೇ ತೊಳೆದೆ. ಇನ್ನು ಆ ತೋಡನ್ನು ಎಲ್ಲಿಗೆ ಹೊತ್ತುಕೊಂಡು ಹೋಗಿ ತೊಳೆಯಬೇಕು, ಅದನ್ನೂ ಹೇಳಿಬಿಡು." ಅವರು ಕೈಯ ಗೋಣಿಯನ್ನು ಕಲ್ಲಿನ ಮೇಲೆ ಬಿಸಾಡಿದರು. "ನಿನ್ನ ಅಪ್ಪ ಕಳಿಸಿದ ಗೋಣಿ, ನಿನ್ನ ಮಗನಿಗೋಸ್ಕರ ತೊಳೆದದ್ದು. ಅದರಲ್ಲಿ ವಿಷ ಉಂಟು ಅಂತ ನಾಲ್ಕು ಜನರ ಎದುರು ಹೇಳಿದರೆ ನಾನು ಆ ಹೋಟೆಲಿಗೆ ಕಾಲಿಡುವುದಿಲ್ಲ."

ಹೇಳಿದ್ದನ್ನು ಹೇಳಿ ಅರ್ಧ ತೊಳೆದ ಗೋಣಿಗಳನ್ನು ಅಲ್ಲೇ ಬಿಟ್ಟು ಹೋದರು. ಆ ರಾತ್ರಿ ನರ್ತೆಯಿಲ್ಲದ ಮಸಾಲೆಗೆ ಬದನೆಕಾಯಿ ಬಿತ್ತು. ಅಣ್ಣು ಕೋಲಿನ ಮೇಲೆ ನಡೆದ ಹುಳದ ಕಥೆಯನ್ನು ತನ್ನ ಭಾಷೆಯಲ್ಲಿ ಎಲ್ಲರಿಗೂ ಹೇಳಿದ.

ನಾಲ್ಕು ಜನರ ಎದುರು ಹೇಳದೆ ಉಪಾಯವಿರಲಿಲ್ಲ. ಕಣ್ಣಿಗೆ ಕಾಣಿಸುವಂಥದ್ದು ಬೇಕೆಂದು ಭೋಜ ಹೇಳಿದ್ದನಲ್ಲ. ಅವಳು ಮಲಗುವ ಮೊದಲು ಎರಡು ಬೋಗುಣಿಗಳನ್ನು ಸಿದ್ಧ ಮಾಡಿದಳು. ಒಂದರಲ್ಲಿ ಕಲ್ಲಿನ ಬುಡದ ಕೆಸರು, ಇನ್ನೊಂದರಲ್ಲಿ ಬಾವಿಯ ತಳದಿಂದ ಕೊಡದಲ್ಲಿ ಎತ್ತಿದ ಕೆಸರು. ಎರಡಕ್ಕೂ ಹೋಟೆಲಿನ ಶರಬತ್ತಿಗೆಂದು ಇಟ್ಟಿದ್ದ ಲಿಂಬೆಯನ್ನೆಲ್ಲ ಹಿಂಡಿದಳು. ಹುಳಿಯಲ್ಲಿ ತಾಮ್ರ ಇಳಿದು ಬರಬೇಕು, ಬಂದದ್ದು ಕಬ್ಬಿಣಕ್ಕೆ ಅಂಟಬೇಕು. ಬೆಳಿಗ್ಗೆ ತಿಳಿಯನ್ನು ಬಸಿದು, ಎರಡು ಕಬ್ಬಿಣದ ಕತ್ತಿಗಳನ್ನು ಬೂದಿಯಿಂದ ಬೆಳ್ಳಗೆ ತಿಕ್ಕಿ, ಒಂದೊಂದರಲ್ಲಿ ಒಂದನ್ನು ಮುಳುಗಿಸಿ ಹೋಟೆಲಿನ ಮೇಜಿನ ಮೇಲೆ ತಂದಿಟ್ಟಳು.

ಅಬೂಬಕ್ಕರ್ ಬಂದು ಮೀನಿನ ಬುಟ್ಟಿ ಇಳಿಸಿದ. ಪದ್ಮಯ್ಯನೂ ಬಂದ, ತನ್ನ ಮರ್ಯಾದೆ ಪೂರ್ತಿ ಹಿಂದೆ ಬರುವ ತನಕ ಅವನು ಹೋಗುವವನಾಗಿರಲಿಲ್ಲ. ಭೋಜ ಲಿಂಬೆ ಹುಡುಕಿ ಸುಸ್ತಾಗಿ ಬಂದು ಬೋಗುಣಿ ಮೂಸಿ ಎಲ್ಲ ಅರ್ಥವಾದವನಂತೆ ಕೂತ. ಒಳಗಿನ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅದರ ಹಿಂದೆ ದುಗ್ಗಮ್ಮ ನಿಂತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಹೋಟೆಲಿಗೆ ಅವರು ಕಾಲಿಟ್ಟಿರಲಿಲ್ಲ ಅಷ್ಟೇ.

ಎರಡು ಬಸ್ಸು ಬಂದು ಹೋದವು. ಸ್ವರ್ಣಲತಾ ಬೋಗುಣಿಗಳನ್ನು ಬಿಟ್ಟು ಕದಲಲಿಲ್ಲ. ಇದೂ ಗುಂಡಿಯ ಕಥೆಯಾದರೆ, ನೇರಳೆ ಹಣ್ಣಿನ ಕಥೆಯಾದರೆ, ಇನ್ನು ಈ ಮನೆಯಲ್ಲಿ ಅವಳ ಮಾತಿಗೆ ಅಣ್ಣುವಿನ ಮಾತಿನಷ್ಟೂ ಬೆಲೆಯಿರುವುದಿಲ್ಲ. ಕೊನೆಗೆ ಕೈ ಹಾಕಿ ಮೊದಲ ಕತ್ತಿಯನ್ನು ಎತ್ತಿದಳು.

ಅಲಗು ಮುಳುಗಿದಷ್ಟು ಉದ್ದಕ್ಕೆ ಕೆಂಪಾಗಿತ್ತು.

"ತುಕ್ಕು," ಎಂದ ಭೋಜ.

"ತುಕ್ಕಾ? ಒರೆಸಿ ನೋಡಿ."

ಭೋಜ ಹೆಗಲಿನ ಬೈರಾಸಿನಿಂದ ಉಜ್ಜಿದ. ಹೋಗಲಿಲ್ಲ. ಉಜ್ಜಿದಷ್ಟು ಹೊಸ ಹಂಡೆಯ ಹೊಟ್ಟೆಯ ಹಾಗೆ ಮಿನುಗಿತು. ಪದ್ಮಯ್ಯ ಅದನ್ನು ಕಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದ.

"ಇದು ನಮ್ಮ ಮದ್ದಿನ ಕತ್ತಿ ಅಕ್ಕ. ಸುಣ್ಣ ಕಡಿಮೆಯಾದರೆ ಹೀಗೇ ಕೆಂಪಾಗುವುದು. ಇದನ್ನು ಕಲಿಯಲಿಕ್ಕೆ ನೀವು ಮದ್ರಾಸಿನ ತನಕ ಹೋದದ್ದಾ?"

"ಕೆಸರಿನಿಂದ ತೆಗೆಯಲಿಕ್ಕೆ ಬರ್ತದಾ ನಿಮಗೆ?" ಎಂದಳು ಸ್ವರ್ಣಲತಾ.

"ಕೆಸರಿಗೆ ಲಿಂಬೆ ಶರಬತ್ತು ಕುಡಿಸುವಷ್ಟು ಶ್ರೀಮಂತ ನಾನಲ್ಲ," ಎಂದು ಕತ್ತಿ ಹಿಂದೆ ಕೊಟ್ಟ. ಆದರೂ ಇನ್ನೊಮ್ಮೆ ಹೇಗೆ ಮಾಡಿದ್ದೆಂದು ಕೇಳಿ ತಿಳಿದುಕೊಂಡ.

ಆಗ ಒಳಗಿನ ಬಾಗಿಲು ತೆರೆಯಿತು. ದುಗ್ಗಮ್ಮ ಹೊಸ್ತಿಲಿನ ಮೇಲೆ ನಿಂತು, ಕಾಲಿಡದೆ, ಕುತ್ತಿಗೆಯನ್ನು ಮಾತ್ರ ಹೋಟೆಲಿಗೆ ಚಾಚಿದರು.

"ಬಾವಿಯದ್ದು ತೆಗಿ."

ಸ್ವರ್ಣಲತಾ ಎರಡನೆಯ ಕತ್ತಿಯನ್ನು ಎತ್ತಿದಳು. ಲಿಂಬೆಯ ಹುಳಿಗೆ ಸ್ವಲ್ಪ ಮಂಕಾಗಿತ್ತು, ಕೆಂಪಿನ ಸುಳಿವಿರಲಿಲ್ಲ. ಅತ್ತೆ ಅದನ್ನು ಇಸಿದುಕೊಂಡು ಈಚೆ ತಿರುಗಿಸಿ ನೋಡಿದರು, ಆಚೆ ತಿರುಗಿಸಿ ನೋಡಿದರು, ಬೆರಳು ಸವರಿ ಆ ಬೆರಳನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಕಾಲು ಎರಡೂ ಹೋಟೆಲಿನ ಒಳಗೆ ಬಂದಿದ್ದವು.

"ಬಾವಿಗೆ ಇಳಿಯಲಿಲ್ಲ," ಎಂದರು.

"ಇಳಿಯಲಿಲ್ಲ ಮಾಮಿ. ಇನ್ನು ತೊಳೆಯದಿದ್ದರೆ ಇಳಿಯುವುದೂ ಇಲ್ಲ."

"ತೊಳೆಯದೆ ಮಗುವಿನ ಹತ್ತಿರ ತರಲಿಕ್ಕಾಗ್ತದಾ?"

"ಅದೂ ಆಗುವುದಿಲ್ಲ."

"ಹಾಗಾದರೆ ಗೋಣಿ ಬರಲೇಬಾರದು," ಎಂದ ಅಬೂಬಕ್ಕರ್, ಎಲ್ಲರೂ ಬಾಯಿಯೊಳಗೆ ಇಟ್ಟುಕೊಂಡಿದ್ದದ್ದನ್ನು.

ಸಂಕಪ್ಪ ಶೆಟ್ಟರ ಸಂಗತಿ ಅಲ್ಲಿ ಗೊತ್ತಿಲ್ಲದವರಿರಲಿಲ್ಲ. ಮದುವೆಯಲ್ಲಿ ಅವರು ಕೊಟ್ಟ ಕಂಚಿನ ದೀಪ ಎರಡು ಬಂದಿವೆಯೆಂದು ಭೋಜನ ಕಡೆಯವರು ಒಂದನ್ನು ಮರ್ಯಾದೆಯಿಂದಲೇ ಹಿಂದೆ ಕಳುಹಿಸಿದ್ದಕ್ಕೆ, ಶೆಟ್ಟರು ಮುಂದಿನ ದೀಪಾವಳಿಯ ತನಕ ಅಳಿಯನ ಹತ್ತಿರ ಮಾತಾಡಿರಲಿಲ್ಲ. ಮಾತು ಮತ್ತೆ ಶುರುವಾದದ್ದೇ ಗೋಣಿಯಿಂದ.

"ಕಾಗದ ಬರೆಯುವ," ಎಂದಳು ಸ್ವರ್ಣಲತಾ ಸಣ್ಣಗೆ.

"ಕಾಗದ ಹೋಗಿ ಮುಟ್ಟುವಾಗ ಇನ್ನೊಂದು ಕಟ್ಟು ಬಂದಿರ್ತದೆ," ಎಂದರು ದುಗ್ಗಮ್ಮ. ಎಂದವರು ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ, ಫೋನಿನ ಮೇಲಿದ್ದ ತಮ್ಮ ಹಳೆಯ ರವಕೆಯ ಬಟ್ಟೆಯನ್ನು ಎಳೆದು ಹೆಗಲಿಗೆ ಹಾಕಿಕೊಂಡರು. "ನನಗೆ ಮಾತಾಡಲಿಕ್ಕೆ ಬರುವುದಿಲ್ಲ. ನೀನು ಮಾತಾಡು. ಇಷ್ಟು ದಿನ ಬೇಡದ್ದಕ್ಕೆಲ್ಲ ಮಾತಾಡಿದೆಯಲ್ಲ."

ಸ್ವರ್ಣಲತಾ ಭೋಜನ ಮುಖ ನೋಡಿದಳು. ಭೋಜ ಕೆಂಪು ಕತ್ತಿಯನ್ನು ಅವಳ ಕೈಗೆ ಕೊಟ್ಟ. "ಹಿಡಿದುಕೊಂಡೇ ಮಾತಾಡು," ಎಂದ.

ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಫೋನು, ಸೆರಗಿನ ತುದಿ ಅಣ್ಣುವಿನ ಬಾಯಲ್ಲಿ. ಬಂಟ್ವಾಳದ ದನಿ ಬಂತು.

"ಇವತ್ತು ಎಂತ ನುಂಗಿದ್ದು ಅಮ್ಮ?"

"ಮಂಗಳೂರಿಗೆ ಟ್ರಂಕ್ ಕಾಲ್. ಬಂದರಿಗೆ. ನನ್ನ ಅಪ್ಪನಿಗೆ."

"ಮಗು ಹುಷಾರುಂಟಲ್ಲ?" ಎಂದ ಅವನು, ಈ ಸಲ ತಮಾಷೆ ಬಿಟ್ಟು.

"ಉಂಟು. ಕೊಡಿ ಬೇಗ, ಮನಸ್ಸು ತಿರುಗುವ ಮೊದಲು."

ಲೈನು ಸಿಗುವ ತನಕ ಯಾರೂ ಹೋಟೆಲು ಬಿಟ್ಟು ಹೋಗಲಿಲ್ಲ. ಬೆಳ್ತಂಗಡಿ ಬಸ್ಸಿನ ಡ್ರೈವರು ಹಾರ್ನ್ ಹೊಡೆದ, ಹತ್ತಬೇಕಾದವರು ಹತ್ತಲಿಲ್ಲ, ಕೊನೆಗೆ ಅವನೇ ಇಳಿದು ಬಂದು ಒಂದು ಜಗಿಯುವ ಚಹಾ ಹೇಳಿ ಕೂತ. ಫೋನು ಕಿರುಚಿತು. ಬಂದರಿನ ಗಲಾಟೆಯ ನಡುವಿನಿಂದ ಸಂಕಪ್ಪ ಶೆಟ್ಟರ ದನಿ ಗೋಡೆ ನಡುಗುವ ಹಾಗೆ ಬಂತು.

"ಸ್ವರ್ಣನಾ? ಎಂತ ಆಯ್ತು ಮಗುವಿಗೆ?"

ದುಗ್ಗಮ್ಮ ಸೊಸೆಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಗೋಣಿ ಬಹಳ ಒಳ್ಳೆಯದಿತ್ತು ಅಂತ ಮೊದಲು ಹೇಳು."

ಸ್ವರ್ಣಲತಾ ಕೈಯ ಕತ್ತಿಯನ್ನು ನೋಡಿದಳು. ಬಾಗಿಲಿನ ಬಿಸಿಲಿಗೆ ಅದು ಹೊಸ ಹಂಡೆಯ ಹಾಗೆ ಹೊಳೆಯುತ್ತಿತ್ತು. ಎಲ್ಲಿಂದಲೋ ಎದ್ದು ಬಂದ ನಗುವನ್ನು ನುಂಗಿಕೊಂಡಳು.

"ಮಗುವಿಗೆ ಏನೂ ಆಗಲಿಲ್ಲ, ಅಪ್ಪ," ಎಂದಳು. ಅವಳ ಬಾಯಲ್ಲಿ ಆ ಮಾತನ್ನು ಫೋನು ಕೇಳಿದ್ದು ಅದೇ ಮೊದಲು. "ಇಲ್ಲಿ ನರ್ತೆಗಳಿಗೆ ಸ್ವಲ್ಪ ತೊಂದರೆಯಾಗಿದೆ. ನೀವು ಕೂತುಕೊಳ್ಳಿ, ಹೇಳ್ತೇನೆ."

"ನಾನೂ ಕೂತಿದ್ದೇನೆ ಅಮ್ಮ," ಎಂದಿತು ನಡುವಿನಿಂದ ಬಂಟ್ವಾಳ. "ಹೇಳಿ."